ಎರಡನೇ ಹೆಸರು ಗುರುತಿಸಿದರೆ ಮೊದಲನೆಯವರಿಗೆ ನಷ್ಟವೇ?

ಪ್ರಶ್ನೆ: ನಾವು ಹಾಸನದ ಕಡೆಯವರು. ಈಗ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿದ್ದೇವೆ. ನನಗೂ ಅಮ್ಮನಿಗೂ ಅಮೆರಿಕದ ಪೌರತ್ವ ಸಿಕ್ಕಿದೆ, ಮುಂದಿನ ಮೇಯರ್ ಚುನಾವಣೆಯಲ್ಲಿ ಇಬ್ಬರೂ ಇಲ್ಲಿ ಮೊದಲ ಸಲ ಮತ ಹಾಕುತ್ತೇವೆ. ಒಬ್ಬರಿಗೆ ಓಟು ಹಾಕಿ ಮುಗಿಸುವ ಹಾಗಿಲ್ಲವಂತೆ, ಐದು ಜನರಿಗೆ ರ್ಯಾಂಕ್ ಕೊಡಬೇಕಂತೆ. ನನಗೆ ಇಷ್ಟವಾದವರು ಒಬ್ಬರೇ. ಎರಡನೆಯವರಿಗೂ ಗುರುತು ಹಾಕಿದರೆ ಮೊದಲನೆಯವರ ಕಾಲಿಗೆ ನಾನೇ ಕಲ್ಲು ಕಟ್ಟಿದ ಹಾಗೆ ಆಗುವುದಿಲ್ಲವೇ? 2022ರಲ್ಲಿ ಮೊದಲ ಸುತ್ತಿನಲ್ಲಿ ಮುಂದಿದ್ದವರೇ ಸೋತರು, ಇದೆಲ್ಲ ಕಣ್ಕಟ್ಟು ಎನ್ನುತ್ತಾರೆ ಆಫೀಸಿನ ಗೆಳೆಯರು. ಅಮ್ಮ ಊರಿನಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದವರು. ಅವರಿಗೆ ಹೇಗೆ ವಿವರಿಸುವುದೋ ತಿಳಿಯುತ್ತಿಲ್ಲ.

ಉತ್ತರ: ಇಲ್ಲ, ನಷ್ಟವಿಲ್ಲ. ನೀವು ಮೊದಲ ರ್ಯಾಂಕ್ ಕೊಟ್ಟವರು ಕಣದಲ್ಲಿ ಇರುವವರೆಗೂ ನಿಮ್ಮ ಎರಡನೇ ಗುರುತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವರು ಗೆದ್ದರೆ ನಿಮ್ಮ ಎರಡನೇ ಆಯ್ಕೆಗೆ ಕೆಲಸವೇ ಇಲ್ಲ. ಅವರು ಕಣದಿಂದ ಹೊರಬಿದ್ದ ಮೇಲಷ್ಟೇ ನಿಮ್ಮ ಮತ ಎರಡನೆಯವರ ಲೆಕ್ಕಕ್ಕೆ ಸೇರುತ್ತದೆ. ಆಗ ಮೊದಲನೆಯವರಿಗೆ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ.

ಅಮ್ಮನಿಗೆ ಹೇಗೆ ವಿವರಿಸುವುದು ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ, ಅವರಿಂದಲೇ ನೀವು ಕಲಿಯಬಹುದು. ಹಾಸನದಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದವರೆಂದರೆ ವಿಧಾನ ಪರಿಷತ್ತಿನ ದಕ್ಷಿಣ ಶಿಕ್ಷಕರ ಕ್ಷೇತ್ರಕ್ಕೆ ಒಮ್ಮೆಯಾದರೂ ಮತ ಹಾಕಿರುವ ಸಾಧ್ಯತೆ ಜಾಸ್ತಿ. ಅಲ್ಲಿ ಮತಯಂತ್ರ ಇರುವುದಿಲ್ಲ. ಕಾಗದದ ಮತಪತ್ರ, ಬೂತ್‌ನಲ್ಲೇ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನು. ಹೆಸರುಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಕರ್ನಾಟಕದ ಪರಿಷತ್ತಿನ 75 ಸ್ಥಾನಗಳಲ್ಲಿ ಶಿಕ್ಷಕರ ಕ್ಷೇತ್ರದ 7, ಪದವೀಧರ ಕ್ಷೇತ್ರದ 7 ತುಂಬುವುದು ಹೀಗೆಯೇ. ರಾಷ್ಟ್ರಪತಿ ಚುನಾವಣೆಯೂ ಪ್ರಾಶಸ್ತ್ಯ ಮತದ್ದೇ. ಓಕ್‌ಲ್ಯಾಂಡ್‌ನವರು ರ್ಯಾಂಕ್ಡ್ ಚಾಯ್ಸ್ ವೋಟಿಂಗ್ ಎಂದು ಕರೆಯುವುದು ಇದರ ಹತ್ತಿರದ ನೆಂಟನನ್ನೇ. 'ಅಮ್ಮಾ, ಇಲ್ಲಿ ಮೇಯರ್‌ನ ಆರಿಸುವುದು ಎಂಎಲ್‌ಸಿ ಚುನಾವಣೆ ಥರ' ಎಂದು ಹೇಳಿ ನೋಡಿ. ಅರ್ಧ ಕೆಲಸ ಮುಗಿದ ಹಾಗೆ.

ಆದರೆ ಎರಡಕ್ಕೂ ಕೆಲವು ವ್ಯತ್ಯಾಸ ಇದೆ, ಅದು ಆಮೇಲೆ. ಮೊದಲು ಎಣಿಕೆ ಹೇಗೆ ನಡೆಯುತ್ತದೆ ನೋಡೋಣ.

ಮೊದಲ ಸುತ್ತಿನಲ್ಲಿ ಎಲ್ಲರ ಮೊದಲ ಆಯ್ಕೆಯನ್ನು ಮಾತ್ರ ಎಣಿಸುತ್ತಾರೆ. ಯಾರಿಗಾದರೂ ಅರ್ಧಕ್ಕಿಂತ ಹೆಚ್ಚು ಮತ ಬಂದರೆ ಅಲ್ಲಿಗೆ ಮುಗಿಯಿತು. ಬರದಿದ್ದರೆ ಅತಿ ಕಡಿಮೆ ಮತ ಪಡೆದವರನ್ನು ಕಣದಿಂದ ತೆಗೆಯುತ್ತಾರೆ. ಅವರಿಗೆ ಮೊದಲ ರ್ಯಾಂಕ್ ಕೊಟ್ಟವರ ಮತಪತ್ರಗಳಲ್ಲಿ ಎರಡನೇ ಆಯ್ಕೆ ಯಾರು ಎಂದು ನೋಡಿ, ಆ ಮತಗಳನ್ನು ಅವರವರಿಗೆ ಸೇರಿಸುತ್ತಾರೆ. ಮತ್ತೆ ಎಣಿಕೆ, ಮತ್ತೆ ಕೊನೆಯವರು ಹೊರಗೆ. ಒಬ್ಬರು ಅರ್ಧ ದಾಟುವವರೆಗೆ ಇದೇ. ಪ್ರತಿ ಸುತ್ತಿನಲ್ಲೂ ನಿಮ್ಮದು ಒಂದೇ ಒಂದು ಮತ. ಐದು ಜನರಿಗೆ ರ್ಯಾಂಕ್ ಕೊಟ್ಟರೆ ಐದು ಓಟು ಹಾಕಿದಂತೆ ಅಲ್ಲವೇ ಅಲ್ಲ.

ನಿಮ್ಮ ಭಯ ಎಲ್ಲಿಂದ ಬಂತು ಎಂದು ನನಗೆ ಅಂದಾಜಿದೆ. ಸಹಕಾರ ಸಂಘದ ಆಡಳಿತ ಮಂಡಳಿಗೋ ಊರಿನ ಸಂಘದ ಕಮಿಟಿಗೋ ಚುನಾವಣೆ ಆಗುವಾಗ ಒಬ್ಬೊಬ್ಬರಿಗೆ ಏಳೆಂಟು ಮತ ಇರುತ್ತದಲ್ಲ, ಅಲ್ಲಿ ಈ ಭಯ ಸರಿಯಾದದ್ದೇ. ಅಲ್ಲಿ ನೀವು ಹಾಕುವ ಅಷ್ಟೂ ಮತ ಒಟ್ಟಿಗೇ ಎಣಿಕೆಯಾಗುತ್ತದೆ. ನಿಮ್ಮ ಮನುಷ್ಯನಿಗೆ ಒಂದು ಹಾಕಿ, ಪಕ್ಕದವನಿಗೂ ಒಂದು ಹಾಕಿದರೆ ಪಕ್ಕದವನೇ ಒಂದು ಮತದಿಂದ ಮುಂದೆ ಹೋಗಬಹುದು. ಅದಕ್ಕೇ 'ನನಗೊಬ್ಬನಿಗೇ ಹಾಕಿ, ಉಳಿದದ್ದು ಖಾಲಿ ಬಿಡಿ' ಎಂದು ಅಭ್ಯರ್ಥಿಗಳು ಕಿವಿಯಲ್ಲಿ ಹೇಳುವುದು. ಆ ಬುದ್ಧಿವಂತಿಕೆ ಇಲ್ಲಿಗೆ ಹೊಂದುವುದಿಲ್ಲ. ಇಲ್ಲಿ ಎರಡನೇ ಗುರುತು ಸರತಿಯಲ್ಲಿ ಕಾಯುತ್ತದೆ, ಮೊದಲನೆಯದರ ಜೊತೆ ಪೈಪೋಟಿಗೆ ಇಳಿಯುವುದಿಲ್ಲ.

ಈಗ ನಿಮ್ಮ ಗೆಳೆಯರ ತಕರಾರಿಗೆ ಬರುತ್ತೇನೆ. ಅದನ್ನು ತಳ್ಳಿಹಾಕುವ ಹಾಗಿಲ್ಲ, ಏಕೆಂದರೆ ಓಕ್‌ಲ್ಯಾಂಡ್‌ನಲ್ಲಿ ಅದು ಎರಡು ಸಲ ಆಗಿದೆ.

ಈ ಪದ್ಧತಿಯನ್ನು ಓಕ್‌ಲ್ಯಾಂಡ್‌ನ ಮತದಾರರೇ 2006ರ ನವೆಂಬರ್‌ನಲ್ಲಿ ಒಪ್ಪಿದ್ದು. ಹತ್ತಿರ ಹತ್ತಿರ 70 ಶೇಕಡ ಜನ ಹೌದು ಎಂದರು. ಅದಕ್ಕೆ ಮುಂಚೆ ಜೂನ್‌ನಲ್ಲಿ ಒಂದು ಚುನಾವಣೆ, ಅಲ್ಲಿ ಯಾರಿಗೂ ಅರ್ಧ ದಾಟದಿದ್ದರೆ ಮೊದಲ ಇಬ್ಬರಿಗೆ ನವೆಂಬರ್‌ನಲ್ಲಿ ಇನ್ನೊಂದು. ಎರಡೆರಡು ಸಲ ಖರ್ಚು, ಎರಡೆರಡು ಸಲ ಪ್ರಚಾರ. ಜೂನ್‌ನಲ್ಲಿ ಮತ ಹಾಕಲು ಬರುವವರೂ ಕಡಿಮೆ. ಆ ಎರಡನ್ನೂ ಒಂದೇ ದಿನಕ್ಕೆ ಸೇರಿಸಿದ್ದೇ ಈ ರ್ಯಾಂಕ್ ಪದ್ಧತಿ. ಮೊದಲ ಬಳಕೆ 2010ರಲ್ಲಿ. ಪಕ್ಕದ ಬರ್ಕ್ಲಿ, ಸ್ಯಾನ್ ಲಿಯಾಂಡ್ರೋ ಊರುಗಳೂ ಅದೇ ವರ್ಷ ಶುರು ಮಾಡಿದವು. ಸ್ಯಾನ್ ಫ್ರಾನ್ಸಿಸ್ಕೋ ಇವರಿಗಿಂತ ಮೊದಲೇ, 2004ರಲ್ಲಿ ಆರಂಭಿಸಿತ್ತು.

2010ರ ಮೇಯರ್ ಚುನಾವಣೆಯಲ್ಲಿ ಕಣದಲ್ಲಿದ್ದ ದೊಡ್ಡ ಹೆಸರು ಡಾನ್ ಪೆರಾಟಾ. ರಾಜ್ಯ ಸೆನೆಟ್ಟಿನ ನಾಯಕರಾಗಿದ್ದವರು, ಹಣ ಇತ್ತು, ಪ್ರಭಾವ ಇತ್ತು. ಮೊದಲ ಸುತ್ತಿನಲ್ಲಿ ಅವರಿಗೆ ಸುಮಾರು 34 ಶೇಕಡ ಬಂತು. ಜೀನ್ ಕ್ವಾನ್ ಅವರಿಗೆ ಸುಮಾರು 24, ರೆಬೆಕ್ಕಾ ಕಪ್ಲಾನ್ ಅವರಿಗೆ ಸುಮಾರು 22. ಹಳೆಯ ಲೆಕ್ಕದಲ್ಲಿ ಪೆರಾಟಾ ಬಹಳ ಮುಂದೆ. ಆದರೆ ಕ್ವಾನ್ ಅವರಿಗೆ ಈ ಆಟ ಚೆನ್ನಾಗಿ ಅರ್ಥವಾಗಿತ್ತು. ಮನೆಮನೆಗೆ ಹೋದಾಗ, ಬೇರೆಯವರನ್ನು ಮೆಚ್ಚಿದವರ ಮುಂದೆ ವಾದಕ್ಕೆ ನಿಲ್ಲದೆ, 'ಸರಿ, ಎರಡನೇ ಆಯ್ಕೆ ನನಗಿರಲಿ' ಎಂದು ಕೇಳಿದರು. ಪೆರಾಟಾ ಹಾಗೆ ಕೇಳಲು ಅಷ್ಟು ಮನಸ್ಸು ಮಾಡಲಿಲ್ಲ. ಕಪ್ಲಾನ್ ಹೊರಬಿದ್ದಾಗ ಅವರ ಮತಗಳ ಬಹುಪಾಲು ಕ್ವಾನ್ ಕಡೆಗೆ ಹರಿಯಿತು. ಕೊನೆಯ ಸುತ್ತಿನಲ್ಲಿ ಕ್ವಾನ್ ಸುಮಾರು 2,000 ಮತಗಳಿಂದ ಗೆದ್ದರು, 51 ಶೇಕಡ ಹತ್ತಿರ.

ಇದು ಕಣ್ಕಟ್ಟೇ? ನೂರರಲ್ಲಿ 34 ಜನ ಪೆರಾಟಾ ಬೇಕು ಎಂದರು. ಉಳಿದ 66 ಜನ ಬೇರೆ ಬೇರೆಯವರು ಬೇಕು ಎಂದರು. ಆ 66ರಲ್ಲಿ ಹೆಚ್ಚಿನವರಿಗೆ 'ಪೆರಾಟಾ ಇಲ್ಲವೇ ಕ್ವಾನ್' ಎಂದು ಕೇಳಿದರೆ ಕ್ವಾನ್ ವಾಸಿ ಅನ್ನಿಸಿತು. ಅಷ್ಟೇ. ಹಳೆಯ ಪದ್ಧತಿ ಇದ್ದಿದ್ದರೂ ಇವರಿಬ್ಬರೇ ಎರಡನೇ ಚುನಾವಣೆಗೆ ಹೋಗುತ್ತಿದ್ದರು, ಅಲ್ವಾ? ಮೊದಲ ಸುತ್ತು ಅರ್ಧ ಆಟ ಮಾತ್ರ. ಅಲ್ಲಿ ಮುಂದಿದ್ದವರನ್ನು 'ಗೆದ್ದಿದ್ದವರು' ಎಂದು ಕರೆಯುವುದೇ ಸರಿಯಲ್ಲ.

2022ರ ಕಥೆ ಇನ್ನೂ ಬಿಗಿ. ಹತ್ತು ಅಭ್ಯರ್ಥಿಗಳು. ಮೊದಲ ಸುತ್ತಿನಲ್ಲಿ ಲೋರೆನ್ ಟೇಲರ್ ಮುಂದೆ, ಶೆಂಗ್ ಥಾವ್ ಬೆನ್ನ ಹಿಂದೆಯೇ. ಇಬ್ಬರಿಗೂ ಮೂರನೇ ಒಂದು ಪಾಲಿನ ಆಸುಪಾಸು ಮತ. ಚುನಾವಣೆ ರಾತ್ರಿಯ ಲೆಕ್ಕದಲ್ಲಿ ಟೇಲರ್ ಮುಂದಿದ್ದರು. ಅಂಚೆಯಲ್ಲಿ ಬಂದ ಮತಗಳ ಎಣಿಕೆ ಮುಂದುವರಿದ ಹಾಗೆ ಅಂತರ ಕರಗಿತು. ಸುಮಾರು ಎರಡು ವಾರ ಕಳೆದು, ಎಲ್ಲ ಸುತ್ತು ಮುಗಿದಾಗ ಥಾವ್ 700ಕ್ಕೂ ಕಡಿಮೆ ಮತಗಳಿಂದ ಗೆದ್ದರು. ಅಷ್ಟು ಸಣ್ಣ ಅಂತರದಲ್ಲಿ ಸೋತವರ ಕಡೆಯವರಿಗೆ ಸಂಕಟ ಆಗುವುದು ಸಹಜ. ಅದಾದ ಮೇಲೆ ಥಾವ್ ಅವರನ್ನು ಜನ 2024ರ ನವೆಂಬರ್‌ನಲ್ಲಿ ಅಧಿಕಾರದಿಂದ ವಾಪಸ್ ಕರೆಸಿಕೊಂಡರು. 2025ರ ಏಪ್ರಿಲ್‌ನ ವಿಶೇಷ ಚುನಾವಣೆಯಲ್ಲಿ ಟೇಲರ್ ಮತ್ತೆ ನಿಂತರು, ಬಾರ್ಬರಾ ಲೀ ಎದುರು ಸೋತರು. ಅದೂ ಇದೇ ಪದ್ಧತಿಯಲ್ಲಿ. ಮೇಯರ್ ಒಳ್ಳೆಯ ಆಡಳಿತ ಕೊಟ್ಟರೇ ಇಲ್ಲವೇ ಎಂಬ ಸಿಟ್ಟನ್ನು ಮತ ಎಣಿಸುವ ರೀತಿಯ ಮೇಲೆ ಹೊರಿಸುವುದು ಓಕ್‌ಲ್ಯಾಂಡ್‌ನಲ್ಲಿ ಸ್ವಲ್ಪ ಜಾಸ್ತಿಯೇ ನಡೆದಿದೆ ಎಂದು ನನ್ನ ಅನಿಸಿಕೆ.

ಇನ್ನು, ಹಿಂದಿದ್ದವರು ಕೈಜೋಡಿಸಿದರೆ ಮುಂದಿದ್ದವರು ಬಿದ್ದೇಬೀಳುತ್ತಾರೆ ಎಂದೂ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2018ರ ಜೂನ್‌ನ ಮೇಯರ್ ಚುನಾವಣೆಯಲ್ಲಿ ಮಾರ್ಕ್ ಲೆನೋ ಮತ್ತು ಜೇನ್ ಕಿಮ್ ಒಪ್ಪಂದ ಮಾಡಿಕೊಂಡು 'ನನಗೊಂದು, ಅವರಿಗೆರಡು' ಎಂದು ಒಬ್ಬರ ಪರ ಒಬ್ಬರು ಮತ ಕೇಳಿದರು. ಕಿಮ್ ಹೊರಬಿದ್ದು ಅವರ ಮತಗಳು ಲೆನೋ ಕಡೆ ಬಂದವು. ಆದರೂ ಮೊದಲ ಸುತ್ತಿನಲ್ಲಿ ಮುಂದಿದ್ದ ಲಂಡನ್ ಬ್ರೀಡ್ ಎಂಬ ಅಭ್ಯರ್ಥಿಯೇ ಸುಮಾರು 2,500 ಮತಗಳಿಂದ ಉಳಿದುಕೊಂಡರು. ನ್ಯೂಯಾರ್ಕ್‌ನಲ್ಲಿ 2025ರ ಜೂನ್‌ನ ಡೆಮಾಕ್ರಾಟಿಕ್ ಪ್ರೈಮರಿಯಲ್ಲಿ (ಪಕ್ಷದ ಮೇಯರ್ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ) ಜೊಹ್ರಾನ್ ಮಮ್ದಾನಿ ಮತ್ತು ಬ್ರ್ಯಾಡ್ ಲ್ಯಾಂಡರ್ ಹಾಗೆಯೇ ಜೊತೆಯಾದರು. ಅಲ್ಲಿ ಮಮ್ದಾನಿ ಮೊದಲ ಸುತ್ತಿನಲ್ಲೇ ಸುಮಾರು 44 ಶೇಕಡದೊಂದಿಗೆ ಮುಂದಿದ್ದರು, ಕೊನೆಗೆ ಆಂಡ್ರ್ಯೂ ಕ್ವೊಮೊ ಎದುರು 56ಕ್ಕೆ ಏರಿದರು. ಬಹುತೇಕ ಚುನಾವಣೆಗಳಲ್ಲಿ ಮೊದಲ ಸುತ್ತಿನಲ್ಲಿ ಮುಂದಿರುವವರೇ ಕೊನೆಗೂ ಗೆಲ್ಲುವುದು. ನಮ್ಮ ದೇಶದಲ್ಲೂ 1969ರಲ್ಲಿ ಹಾಗೇ ಆಯಿತು. ಅದಕ್ಕೆ ಸ್ವಲ್ಪ ಮುಂಚೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ರಾಷ್ಟ್ರಪತಿ ಚುನಾವಣೆಯ ಮೊದಲ ಎಣಿಕೆಯಲ್ಲಿ 4,01,515 ಮತಮೌಲ್ಯದೊಂದಿಗೆ ಮುಂದಿದ್ದರು. ಆದರೆ ಗೆಲ್ಲಲು ಬೇಕಿದ್ದ ಕೋಟಾ 4,18,169. ಮೂರನೇ ಸ್ಥಾನದಲ್ಲಿದ್ದ ಸಿ.ಡಿ. ದೇಶಮುಖ್ ಅವರ ಮತಪತ್ರಗಳಲ್ಲಿನ ಎರಡನೇ ಪ್ರಾಶಸ್ತ್ಯ ಹೆಚ್ಚಾಗಿ ಎರಡನೇ ಸ್ಥಾನದಲ್ಲಿದ್ದ ಸಂಜೀವ ರೆಡ್ಡಿ ಅವರಿಗೇ ಹೋಯಿತು. ಆದರೂ ಗಿರಿ 4,20,077ಕ್ಕೆ ತಲುಪಿ ದಡ ಸೇರಿದರು. ಎರಡನೇ ಪ್ರಾಶಸ್ತ್ಯದ ಎಣಿಕೆಗೆ ಹೋದ ರಾಷ್ಟ್ರಪತಿ ಚುನಾವಣೆ ಅದೊಂದೇ.

ಇಷ್ಟು ಹೇಳಿದ ಮೇಲೆ, ಒಂದೇ ಹೆಸರಿಗೆ ಗುರುತು ಹಾಕಿ ಬಂದರೆ ಆಗದೇ ಎಂದು ನೀವು ಕೇಳಬಹುದು. ಆಗುತ್ತದೆ. ಮತ ಸಿಂಧುವೇ. ಐದೂ ತುಂಬಲೇಬೇಕು ಎಂಬ ನಿಯಮ ಇಲ್ಲ. ಆದರೆ ನಿಮ್ಮ ಅಭ್ಯರ್ಥಿ ಹೊರಬಿದ್ದ ಕ್ಷಣ ನಿಮ್ಮ ಮತಪತ್ರವೂ ಪಕ್ಕಕ್ಕೆ ಹೋಗುತ್ತದೆ. ಮುಂದಿನ ಸುತ್ತುಗಳಲ್ಲಿ ಅದರ ಮಾತಿಲ್ಲ. 'ಅರ್ಧಕ್ಕಿಂತ ಹೆಚ್ಚು' ಎಂದು ಲೆಕ್ಕ ಹಾಕುವುದು ಆ ಸುತ್ತಿನಲ್ಲಿ ಉಳಿದಿರುವ ಮತಪತ್ರಗಳ ಅರ್ಧ, ಎಲ್ಲ ಮತಪತ್ರಗಳ ಅರ್ಧ ಅಲ್ಲ. ನನ್ನ ಪ್ರಕಾರ ಈ ಪದ್ಧತಿಯ ನಿಜವಾದ ಬಿಸಿ ಇರುವುದು ಇಲ್ಲಿ, ನಿಮ್ಮ ಗೆಳೆಯರು ಬೆರಳು ತೋರಿಸುವ ಕಡೆ ಅಲ್ಲ.

ಎಷ್ಟು ಬಿಸಿ ಎಂದು ನ್ಯೂಯಾರ್ಕ್ ತೋರಿಸಿತು. ಅಲ್ಲಿ ನಗರದ ಹುದ್ದೆಗಳ ಪ್ರೈಮರಿಗೆ ಈ ಪದ್ಧತಿ, ಐದು ರ್ಯಾಂಕ್. 2021ರ ಡೆಮಾಕ್ರಾಟಿಕ್ ಮೇಯರ್ ಪ್ರೈಮರಿಯಲ್ಲಿ ಕೊನೆಯ ಸುತ್ತಿಗೆ ಉಳಿದವರು ಎರಿಕ್ ಆಡಮ್ಸ್ ಮತ್ತು ಕ್ಯಾಥರಿನ್ ಗಾರ್ಸಿಯಾ. ಆಡಮ್ಸ್ ಗೆದ್ದ ಅಂತರ 7,197. ಆ ಹೊತ್ತಿಗೆ ಪಕ್ಕಕ್ಕೆ ಸರಿದಿದ್ದ ಮತಪತ್ರಗಳು ಸುಮಾರು 1,40,000. ಅಂದರೆ ಅಷ್ಟೂ ಜನ ಮತಗಟ್ಟೆಗೆ ಬಂದರು, ಗುರುತು ಹಾಕಿದರು, ಆದರೆ ಈ ಇಬ್ಬರಲ್ಲಿ ಯಾರ ಹೆಸರನ್ನೂ ಮುಟ್ಟಿರಲಿಲ್ಲ. ಅವರಲ್ಲಿ ಕೆಲವರಿಗೆ ಇಬ್ಬರೂ ಬೇಡವಾಗಿದ್ದಿರಬಹುದು, ಅದು ಅವರ ಹಕ್ಕು. ಆದರೆ ಒಂದಿಷ್ಟು ಜನ ಸುಮ್ನೆ ಒಂದೆರಡು ಹೆಸರಿಗೆ ನಿಲ್ಲಿಸಿದವರು. ಆ ಅಂತರ ನೋಡಿದ ಮೇಲೆ ಅವರಿಗೆ ಏನನ್ನಿಸಿತೋ.

ಹಾಗಾಗಿ ನನ್ನ ಸಲಹೆ ಹೀಗೆ. ಮೊದಲ ಸ್ಥಾನಕ್ಕೆ ನಿಮ್ಮ ಮನಸ್ಸಿಗೆ ಬಂದವರನ್ನೇ ಹಾಕಿ. ಗೆಲ್ಲುವ ಕುದುರೆಯೋ ಅಲ್ಲವೋ ಎಂಬ ಲೆಕ್ಕ ಅಲ್ಲಿ ಬೇಡ. ಅದೇ ಈ ಪದ್ಧತಿಯ ದೊಡ್ಡ ಅನುಕೂಲ. ಆಮೇಲೆ ಒಪ್ಪಬಹುದಾದವರನ್ನು ಕ್ರಮವಾಗಿ ಹಾಕುತ್ತಾ ಬನ್ನಿ. ಐದು ಮುಗಿಯುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಕೊನೆಯ ಸುತ್ತಿಗೆ ಹೋಗುವ ಸಾಧ್ಯತೆ ಇರುವ ಇಬ್ಬರು ಮೂವರಲ್ಲಿ ನನಗೆ ಯಾರು ವಾಸಿ? ಆ ಹೆಸರು ನಿಮ್ಮ ಐದರಲ್ಲಿ ಎಲ್ಲಾದರೂ ಇರಲಿ, ಐದನೆಯದಾಗಿ ಇದ್ದರೂ ಸಾಕು. ಹತ್ತು ಜನ ನಿಂತಾಗ ಐದೂ ರ್ಯಾಂಕನ್ನು ಸಣ್ಣಪುಟ್ಟ ಅಭ್ಯರ್ಥಿಗಳಿಗೇ ಕೊಟ್ಟರೆ, ಐದೂ ತುಂಬಿಯೂ ನಿಮ್ಮ ಮತ ನಡುವೆಯೇ ನಿಂತುಬಿಡಬಹುದು.

ಬಹಳ ಜನ ಎಡವುವ ಇನ್ನೊಂದು ಕಡೆ ಇದೆ. 'ಈ ಮನುಷ್ಯ ಬೇಡವೇ ಬೇಡ, ಅದಕ್ಕೇ ಐದನೇ ರ್ಯಾಂಕ್ ಕೊಟ್ಟೆ' ಎನ್ನುತ್ತಾರೆ. ಅಯ್ಯೋ, ಅದು ತಪ್ಪು. ಐದನೇ ರ್ಯಾಂಕ್ ಕೂಡ ಒಂದು ಮತವೇ. ನಿಮ್ಮ ಮೊದಲ ನಾಲ್ವರೂ ಹೊರಬಿದ್ದರೆ ನಿಮ್ಮ ಮತ ನೇರವಾಗಿ ಆ ಬೇಡದವರ ಬುಟ್ಟಿಗೇ ಬೀಳುತ್ತದೆ. ಬೇಡದವರಿಗೆ ಯಾವ ಗುರುತೂ ಹಾಕದೆ ಖಾಲಿ ಬಿಡಬೇಕು.

ಮತಪತ್ರದ ಮೇಲೆ ಗುರುತು ಹಾಕುವುದು ನಿಮಗೆ ಕಷ್ಟವಾಗದು, ನಮ್ಮ ಸಿಇಟಿಯ ಒಎಂಆರ್ ಶೀಟ್ ಇದ್ದ ಹಾಗೇ. ಎಡಗಡೆ ಅಭ್ಯರ್ಥಿಗಳ ಹೆಸರು, ಮೇಲೆ ಮೊದಲ ಆಯ್ಕೆ, ಎರಡನೇ ಆಯ್ಕೆ ಎಂದು ಕಾಲಂಗಳು. ಒಂದೊಂದು ಕಾಲಂನಲ್ಲಿ ಒಬ್ಬರಿಗೆ ಮಾತ್ರ, ಒಬ್ಬೊಬ್ಬರಿಗೆ ಒಂದೇ ಸಲ, ಕಪ್ಪು ಅಥವಾ ಕಡುನೀಲಿ ಪೆನ್ನಿನಲ್ಲಿ ಪೂರ್ತಿ ತುಂಬಬೇಕು. ಅಮ್ಮನಿಗೆ ಇಲ್ಲಿ ಎರಡು ಮಾತು ಹೇಳಬೇಕು. ಅಂಕಿ ಬರೆಯಬಾರದು, ಗುಂಡು ತುಂಬಬೇಕು. ಹಾಗೇ ಊರಿನಲ್ಲಿ 1 ಎಂಬ ಅಂಕಿ ಇಲ್ಲದಿದ್ದರೆ ಇಡೀ ಮತಪತ್ರ ಅಸಿಂಧು. ಇಲ್ಲಿ ಹಾಗಿಲ್ಲ. ಮೊದಲ ಕಾಲಂ ಖಾಲಿ ಬಿಟ್ಟು ಎರಡನೆಯದರಲ್ಲಿ ಗುರುತು ಹಾಕಿದ್ದರೆ ಆ ಎರಡನೆಯದನ್ನೇ ಮೇಲಕ್ಕೆ ತಂದು ಎಣಿಸಬೇಕು.

'ಎಣಿಸಬೇಕು' ಎಂದು ಒತ್ತಿ ಹೇಳಿದ್ದಕ್ಕೆ ಕಾರಣ ಇದೆ. ಇದೇ ಸಣ್ಣ ನಿಯಮದಿಂದ 2022ರಲ್ಲಿ ಓಕ್‌ಲ್ಯಾಂಡ್‌ನಲ್ಲಿ ದೊಡ್ಡ ಎಡವಟ್ಟಾಯಿತು. ಮೇಯರ್ ಚುನಾವಣೆಯಲ್ಲಿ ಅಲ್ಲ, ಸ್ಕೂಲ್ ಬೋರ್ಡ್‌ನ 4ನೇ ಜಿಲ್ಲೆಯ ಸ್ಥಾನಕ್ಕೆ ನಡೆದ ಚುನಾವಣೆಯಲ್ಲಿ. ಮೂವರು ಕಣದಲ್ಲಿದ್ದರು: ನಿಕ್ ರೆಸ್ನಿಕ್, ಪೆಕೋಲಿಯಾ ಮನಿಗೋ, ಮೈಕ್ ಹಚಿನ್‌ಸನ್. ಓಕ್‌ಲ್ಯಾಂಡ್ ಸೇರಿರುವ ಅಲಮೀಡಾ ಕೌಂಟಿಯ ಎಣಿಕೆ ಸಾಫ್ಟ್‌ವೇರ್‌ನಲ್ಲಿ ಒಂದು ಸೆಟ್ಟಿಂಗ್ ತಪ್ಪಿತ್ತು. ಮೊದಲ ಕಾಲಂ ಖಾಲಿ ಇದ್ದ ಮತಪತ್ರಗಳನ್ನು ಮೊದಲ ಸುತ್ತಿನಲ್ಲಿ ಎಣಿಸದೆ ತಡೆಹಿಡಿದುಬಿಟ್ಟಿತ್ತು. ಅಂಥ ಮತಪತ್ರ ಕೆಲವು ನೂರು ಮಾತ್ರ. ಆದರೆ ಮನಿಗೋ ಮತ್ತು ಹಚಿನ್‌ಸನ್ ನಡುವಿನ ಅಂತರ ಅದಕ್ಕಿಂತಲೂ ಕಡಿಮೆ. ತಪ್ಪು ಎಣಿಕೆಯಲ್ಲಿ ಹಚಿನ್‌ಸನ್ ಮೊದಲು ಹೊರಬಿದ್ದರು, ರೆಸ್ನಿಕ್ ಗೆದ್ದರು ಎಂದು ಘೋಷಣೆಯಾಯಿತು. ಸರಿಯಾಗಿ ಎಣಿಸಿದರೆ ಹೊರಬೀಳುವುದು ಮನಿಗೋ, ಕೊನೆಗೆ ಗೆಲ್ಲುವುದು ಹಚಿನ್‌ಸನ್. ಕೌಂಟಿ ಹೊರಬಿಟ್ಟ ಮತಪತ್ರಗಳ ದಾಖಲೆಯನ್ನು ಹೊರಗಿನವರು ತಾವೇ ಕೂತು ಎಣಿಸಿ ನೋಡಿದಾಗ ಇದು ಬೆಳಕಿಗೆ ಬಂತು. ಡಿಸೆಂಬರ್ ಕೊನೆಗೆ ಕೌಂಟಿ ತಪ್ಪು ಒಪ್ಪಿಕೊಂಡಿತು. ಅಷ್ಟರಲ್ಲಿ ಫಲಿತಾಂಶ ಅಧಿಕೃತವಾಗಿ ಪ್ರಕಟವಾಗಿಬಿಟ್ಟಿತ್ತು, ರೆಸ್ನಿಕ್ ಪ್ರಮಾಣ ವಚನವನ್ನೂ ತೆಗೆದುಕೊಂಡರು. ಕೋರ್ಟಿನಲ್ಲಿ ತೀರ್ಮಾನವಾಗಿ ಹಚಿನ್‌ಸನ್‌ಗೆ ಸ್ಥಾನ ದಕ್ಕಿದ್ದು 2023ರ ಮಾರ್ಚ್‌ನಲ್ಲಿ.

ನಿಮ್ಮ ಗೆಳೆಯರು ಸಿಟ್ಟಾಗಬೇಕಾದ್ದು ಈ ವಿಷಯಕ್ಕೆ. ನಿಯಮ ಸರಿ ಇತ್ತು, ಅದನ್ನು ಯಂತ್ರಕ್ಕೆ ಹೇಳಿದ ರೀತಿ ತಪ್ಪಿತ್ತು, ಪರೀಕ್ಷೆ ಮಾಡಿ ನೋಡಬೇಕಾದವರು ನೋಡಲಿಲ್ಲ. ನ್ಯೂಯಾರ್ಕ್‌ನಲ್ಲೂ 2021ರಲ್ಲಿ ಇಂಥದ್ದೇ ಆಯಿತು. ಪರೀಕ್ಷೆಗೆಂದು ತುಂಬಿದ್ದ ಸುಮಾರು 1,35,000 ಸುಳ್ಳು ಮತಗಳನ್ನು ಅಳಿಸದೆ ಲೆಕ್ಕ ಪ್ರಕಟಿಸಿ, ಅದೇ ದಿನ ವಾಪಸ್ ತೆಗೆದರು. ಒಬ್ಬರಿಗೊಂದು ಓಟಿನ ಎಣಿಕೆಯಲ್ಲೂ ತಪ್ಪುಗಳಾಗುತ್ತವೆ. ಆದರೆ ಅಲ್ಲಿ ಕೂಡಿಸಿದರೆ ಗೊತ್ತಾಗುತ್ತದೆ. ಇಲ್ಲಿ ಯಾರು ಮೊದಲು ಹೊರಬಿದ್ದರು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುವುದರಿಂದ ಸಣ್ಣ ತಪ್ಪು ದೊಡ್ಡದಾಗಿ ಬೆಳೆಯುತ್ತದೆ. ಈ ಪದ್ಧತಿ ಬೇಕು ಎನ್ನುವವರು, ನಾನೂ ಸೇರಿ, ಇದನ್ನು ಮುಚ್ಚಿಡಬಾರದು.

ಇನ್ನೊಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ 2009ರ ಮೇಯರ್ ಚುನಾವಣೆ. ಮೊದಲ ಸುತ್ತಿನಲ್ಲಿ ರಿಪಬ್ಲಿಕನ್ ಕರ್ಟ್ ರೈಟ್ ಮುಂದೆ, ಪ್ರೊಗ್ರೆಸಿವ್ ಪಕ್ಷದ ಬಾಬ್ ಕಿಸ್ ಎರಡನೆಯವರು, ಡೆಮಾಕ್ರಾಟ್ ಆಂಡಿ ಮಾಂಟ್ರೋಲ್ ಮೂರನೆಯವರು. ಮತಪತ್ರಗಳನ್ನೆಲ್ಲ ಬಿಡಿಸಿ ನೋಡಿದರೆ ಮಾಂಟ್ರೋಲ್ ಈ ಇಬ್ಬರಲ್ಲಿ ಯಾರ ಎದುರು ಒಬ್ಬರಿಗೊಬ್ಬರು ನಿಂತಿದ್ದರೂ ಗೆಲ್ಲುತ್ತಿದ್ದರು. ಎರಡೂ ಕಡೆಯವರಿಗೆ ಅವರು ಎರಡನೇ ಆಯ್ಕೆ. ಆದರೆ ಮೊದಲ ಆಯ್ಕೆಯ ಮತ ಕಡಿಮೆ ಇದ್ದದ್ದರಿಂದ ಈ ಮೂವರಲ್ಲಿ ಅವರೇ ಮೊದಲು ಹೊರಬಿದ್ದರು, ಕಿಸ್ ಗೆದ್ದರು. ಅಂದರೆ ಎಲ್ಲರಿಗೂ ಪರವಾಗಿಲ್ಲ ಎನ್ನಿಸುವ ನಡುವಿನ ಅಭ್ಯರ್ಥಿ ಇಲ್ಲಿ ಕೆಲವೊಮ್ಮೆ ಸಿಕ್ಕಿಹಾಕಿಕೊಳ್ಳುತ್ತಾರೆ. ಮರುವರ್ಷ ಬರ್ಲಿಂಗ್ಟನ್ ಜನ ಈ ಪದ್ಧತಿಯನ್ನೇ ಕಿತ್ತುಹಾಕಿದರು. ಹತ್ತು ವರ್ಷ ಕಳೆದ ಮೇಲೆ ಮತ್ತೆ ತಂದುಕೊಂಡರು. ಇಂಥದ್ದು ಅಪರೂಪ. ಇದನ್ನು ಮೊದಲೇ ಊಹಿಸಿ ಬೇರೆ ಥರ ರ್ಯಾಂಕ್ ಕೊಡಬೇಕಾದರೆ ಊರಿನವರೆಲ್ಲ ಹೇಗೆ ಗುರುತು ಹಾಕುತ್ತಾರೆ ಎಂದು ನಿಮಗೆ ತಿಳಿದಿರಬೇಕು. ಯಾರಿಗೂ ತಿಳಿದಿರುವುದಿಲ್ಲ. ಆದ್ದರಿಂದ ತಲೆ ಕೆಡಿಸಿಕೊಳ್ಳದೆ ಮನಸ್ಸಿನಲ್ಲಿದ್ದ ಕ್ರಮವನ್ನೇ ಹಾಕಿ.

ಉಳಿದದ್ದು ಸಣ್ಣಪುಟ್ಟ ವಿಷಯ, ಆದರೆ ಮೊದಲ ಸಲದವರು ತಪ್ಪುವುದು ಅಲ್ಲೇ. ನಿಮ್ಮ ಮತಪತ್ರದಲ್ಲಿ ರ್ಯಾಂಕ್ ಇರುವುದು ನಗರದ ಹುದ್ದೆಗಳಿಗೆ ಮಾತ್ರ: ಮೇಯರ್, ಸಿಟಿ ಕೌನ್ಸಿಲ್, ಸಿಟಿ ಅಟಾರ್ನಿ, ಆಡಿಟರ್, ಸ್ಕೂಲ್ ಬೋರ್ಡ್. ರಾಜ್ಯದ ಹುದ್ದೆಗಳಿಗೆ, ಕಾಂಗ್ರೆಸ್ಸಿಗೆ (ಅಮೆರಿಕದ ಸಂಸತ್ತಿಗೆ) ಹಳೆಯ ಪದ್ಧತಿಯೇ, ಒಬ್ಬರಿಗೆ ಒಂದು ಗುರುತು. ಹಾಳೆ ತಿರುಗಿಸುವಾಗ ಇದು ಮನಸ್ಸಿನಲ್ಲಿರಲಿ. ಒಂದೇ ಕಾಲಂನಲ್ಲಿ ಇಬ್ಬರಿಗೆ ಗುರುತು ಬಿದ್ದರೆ ಎಣಿಕೆ ಆ ಕಾಲಂಗೆ ಬಂದಾಗ ನಿಮ್ಮ ಮತ ಅಲ್ಲೇ ನಿಲ್ಲುತ್ತದೆ. ಒಬ್ಬರಿಗೇ ಐದೂ ಕಾಲಂ ತುಂಬಿದರೆ ಒಂದೇ ಸಲ ಎಣಿಸುತ್ತಾರೆ, ಉಳಿದ ನಾಲ್ಕು ದಂಡ. ಫ್ರೀಮಾಂಟ್‌ನಲ್ಲೋ ಸನ್ನಿವೇಲ್‌ನಲ್ಲೋ ಇರುವ ಕನ್ನಡದ ಗೆಳೆಯರನ್ನು ಈ ಬಗ್ಗೆ ಕೇಳಿ ಪ್ರಯೋಜನವಿಲ್ಲ, ಅವರ ನಗರಗಳಲ್ಲಿ ರ್ಯಾಂಕ್ ಪದ್ಧತಿ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದವರು ಹತ್ತು ರ್ಯಾಂಕ್ ಎನ್ನುತ್ತಾರೆ, ಅದು ಅವರ ಲೆಕ್ಕ, ನಿಮ್ಮದಲ್ಲ. ನಿಮ್ಮ ಮನೆಯಲ್ಲಿ ಇನ್ನೂ ಗ್ರೀನ್ ಕಾರ್ಡ್‌ನಲ್ಲೇ ಇರುವವರು ಯಾರಾದರೂ ಇದ್ದರೆ ಅವರು ಮೇಯರ್ ಚುನಾವಣೆಗೆ ಮತ ಹಾಕುವಂತಿಲ್ಲ. ಗೊತ್ತಿಲ್ಲದೆ ಹಾಕಿದರೂ ಮುಂದೆ ಪೌರತ್ವಕ್ಕೇ ತೊಡಕಾಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ನೋಂದಾಯಿತ ಮತದಾರರಿಗೆಲ್ಲ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಕನ್ನಡದಲ್ಲಿ ಸಿಗುವುದಿಲ್ಲ. ಅಮ್ಮನಿಗೆ ಇಂಗ್ಲಿಷ್ ಹೆಸರು ಓದುವುದು ತೊಡಕಾದರೆ ನೀವು ಜೊತೆಯಲ್ಲಿ ಕೂತು ಓದಿ ಹೇಳಬಹುದು. ಮತಗಟ್ಟೆಗೆ ಹೋಗುವುದಾದರೂ ಸಹಾಯಕ್ಕೆ ಇಬ್ಬರವರೆಗೆ ಕರೆದುಕೊಂಡು ಹೋಗಲು ಕಾನೂನು ಬಿಡುತ್ತದೆ. ಆದರೆ ಗುರುತು ಅವರ ಇಷ್ಟದ್ದೇ ಇರಲಿ. ಟೀಚರ್ ಆಗಿದ್ದವರು, ನೀವು ಹೇಳಿದವರಿಗೇ ಮೊದಲ ರ್ಯಾಂಕ್ ಕೊಡುತ್ತಾರೆ ಎಂದು ನನಗಂತೂ ನಂಬಿಕೆ ಇಲ್ಲ. ತಪ್ಪು ಗುರುತು ಬಿದ್ದರೆ ಅಳಿಸಿ ತಿದ್ದಲು ಹೋಗಬೇಡಿ, ಕೌಂಟಿ ಚುನಾವಣಾ ಕಚೇರಿಯನ್ನು ಕೇಳಿದರೆ ಹೊಸ ಮತಪತ್ರ ಕೊಡುತ್ತಾರೆ. ಲಕೋಟೆಯ ಮೇಲೆ ಸಹಿ ಮರೆಯಬಾರದು, ಅದೂ ನೋಂದಣಿ ಫಾರಂನಲ್ಲಿ ಹೇಗೆ ಮಾಡಿದ್ದಿರೋ ಹಾಗೇ ಇರಬೇಕು. ಸಹಿ ಹೊಂದಲಿಲ್ಲ ಎಂದು ಕೌಂಟಿಯಿಂದ ಪತ್ರ ಬಂದರೆ ಪಕ್ಕಕ್ಕೆ ಎಸೆಯಬೇಡಿ, ಸರಿಪಡಿಸಲು ಅದೇ ಅವಕಾಶ. ಅಂಚೆಗೆ ಹಾಕುವುದಾದರೆ ಚುನಾವಣೆಯ ದಿನದೊಳಗಿನ ಅಂಚೆ ಮುದ್ರೆ ಬಿದ್ದಿರಬೇಕು. ಕೊನೆಯ ದಿನದವರೆಗೂ ಯಾರಿಗೆ ಮೂರು, ಯಾರಿಗೆ ನಾಲ್ಕು ಎಂದು ಮನೆಯಲ್ಲಿ ಚರ್ಚೆ ಮುಗಿಯದಿದ್ದರೆ ಅಂಚೆ ನೆಚ್ಚಿಕೊಳ್ಳದೆ ಹತ್ತಿರದ ಡ್ರಾಪ್ ಬಾಕ್ಸ್‌ಗೆ ಹಾಕಿ. ಅದನ್ನು ಅಂದು ರಾತ್ರಿ 8 ಗಂಟೆಗೆ ಮುಚ್ಚುತ್ತಾರೆ.